ಕಾವಲಿಗೆ ಕಾಣದ ಬಾಲ

ವೆಲ್ಲಿಂಗ್ಟನ್ನಿನ ಆ ಕಚೇರಿಯಲ್ಲಿ ಒಂದು ವಾಡಿಕೆಯಿತ್ತು. ಯಾರಿಂದ ಕೆಲಸ ಕೆಟ್ಟಿತೋ ಅವರು ಮರುದಿನ ಲ್ಯಾಮಿಂಗ್ಟನ್ ಕೇಕು ತಂದು, ತಾವೇ ತಟ್ಟೆ ಹಿಡಿದು ಎಲ್ಲರಿಗೂ ಹಂಚಬೇಕು. ನೈರಿ ಬೆಳಿಗ್ಗೆ ಮಗಳ ಜಡೆ ಹೆಣೆಯುವುದರ ನಡುವೆಯೇ ಕೇಕಿನ ತುಂಡುಗಳನ್ನು ಚಾಕೊಲೇಟಿನಲ್ಲಿ ಅದ್ದಿ, ಕೊಬ್ಬರಿ ತುರಿಯಲ್ಲಿ ಹೊರಳಿಸಿ ತಂದಿದ್ದಳು.

ಅವರದು ಕಡಲಂಚಿನ ಮನೆಗಳ ಫೋನುಗಳಿಗೆ ಸುನಾಮಿಯ ಎಚ್ಚರಿಕೆ ಕಳಿಸುವ ಪ್ರೋಗ್ರಾಮು. ಪರೀಕ್ಷೆ ಮಾಡುವಾಗ ನಿಜವಾದ ಸಂದೇಶ ಹೊರಗೆ ಹೋಗಬಾರದೆಂದು ನೈರಿ ಒಂದು ಕಾವಲು ಬರೆದಿದ್ದಳು. ಮಾಮೂಲಿ ದಾರಿಯಲ್ಲಿ ಒಳಗೆ ಬರುವ ಪ್ರತಿ ಫೈಲನ್ನೂ ಅದು ತಡೆದು ನೋಡುತ್ತಿತ್ತು. ಸಂದೇಶ ಕಳಿಸುವ ಫೈಲು ಬಂದರೆ ಅದನ್ನು ಬದಿಗಿಟ್ಟು, ಏನನ್ನೂ ಕಳಿಸದ ಗೊಂಬೆ ಫೈಲೊಂದನ್ನು ಅದರ ಜಾಗದಲ್ಲಿ ಕೂರಿಸುತ್ತಿತ್ತು. ನಿನ್ನೆ ಮಾತ್ರ ಪರೀಕ್ಷೆಯ ಹೊತ್ತಿನಲ್ಲಿ ನಿಜವಾದ ಸಂದೇಶವೇ ಹೋಗಿಬಿಟ್ಟಿತು. ಜನ ಎದ್ದುಬಿದ್ದು ಗುಡ್ಡ ಹತ್ತಿದರು. ನೈರಿಯ ಅಜ್ಜಿಯೂ ಮನೆಯ ಚಪ್ಪಲಿಯಲ್ಲೇ, ಬೆಕ್ಕನ್ನು ಎದೆಗವುಚಿಕೊಂಡು ಹತ್ತಿದ್ದಳು.

"ಕಾವಲು ನಿಂದೇ ಅಲ್ವೇನಮ್ಮಾ?" ಎಂದು ಮೇಲಧಿಕಾರಿ ಹೆದರ್ ಎಲ್ಲರೆದುರೇ ಕೇಳಿದ್ದಳು. "ಈ ಕೆಲ್ಸ ಬೇರೆಯವರ ಕೈಗೆ ಕೊಡ್ಬೇಕೇನೋ. ನಾಳೆ ಚಹಾ ಆದ್ಮೇಲೆ ಹೇಳ್ತೀನಿ."

ಪಕ್ಕದ ಕುರ್ಚಿಯ ಫರ್ಗಸ್ ಆಗ ನೈರಿಯ ಭುಜ ತಟ್ಟಿದ್ದ. ಮಗಳಿಗೆ ಜ್ವರ ಬಂದಾಗೆಲ್ಲ ಅವಳ ಕೆಲಸವನ್ನೂ ತಾನೇ ಮಾಡಿ ಮುಗಿಸುತ್ತಿದ್ದವನು ಅವನು. ಆ ಕೈ ಅವಳಿಗೆ ಎಷ್ಟು ಆಸರೆಯೆನಿಸಿತ್ತು!

ಇವತ್ತು ಚಹಾಕ್ಕೆ ಮುಂಚೆ ಅವಳು ಫೈಲುಗಳನ್ನು ನಿಧಾನವಾಗಿ ನೋಡುತ್ತಾ ಹೋದಳು. ಸಂದೇಶ ಕಳಿಸುವ ಫೈಲಿನ ಹೆಸರು .js ಎಂದು ಮುಗಿಯಬೇಕಿತ್ತು. ಈಗ .mjs ಎಂದಿತ್ತು. ಆ ಬಾಲವಿದ್ದರೆ ಫೈಲು ಒಳಬರುವ ದಾರಿಯೇ ಬೇರೆ. ಅವಳ ಕಾವಲು ಆ ದಾರಿಯಲ್ಲಿ ಇರಲೇ ಇಲ್ಲ. ಈ ಕೊರತೆಯನ್ನು ಅವಳು ಹೇಳಿಕೊಂಡಿದ್ದುದು ಒಬ್ಬನ ಹತ್ತಿರ ಮಾತ್ರ.

"ಫರ್ಗಸ್, ಇದರ ಬಾಲ ಬದಲಾಯಿಸಿದ್ದು ನೀನಾ?"

ಅವನು ಪರದೆಯಿಂದ ಕಣ್ಣೆತ್ತಲಿಲ್ಲ. "ಅಯ್ಯೋ, ಅದಾ... ಮೊನ್ನೆ ಬಂದ ಗಿರಾಕಿಯ ಫೋನಿಗೆ ನಿಜವಾದ ಮೆಸೇಜ್ ಒಂದು ಕಳಿಸಿ ತೋರಿಸ್ಬೇಕಿತ್ತು ಮಾರಾಯ್ತಿ. ನಿನ್ನ ಕಾವಲು ಬಿಡ್ತಿರಲಿಲ್ಲ. ಆಮೇಲೆ ಮೊದಲಿನ ಹಾಗೆ ಮಾಡೋದು ಮರೆತೇಹೋಯ್ತು."

"ಮರೆತಿದ್ದು ಇರ್ಲಿ ಬಿಡು. ನಿನ್ನೆ ಹೆದರ್ ನನ್ನ ಬಯ್ಯುವಾಗ ನೆನಪಿತ್ತಾ?"

ಅವನು ಕಪ್ಪನ್ನು ಸುಮ್ಮನೆ ತಿರುಗಿಸಿದ. "ನೀನಂದ್ರೆ ಅವಳಿಗೆ ಇಷ್ಟ ಕಣೇ. ನಿನ್ನ ಬಿಟ್ಟುಬಿಡ್ತಾಳೆ. ನನ್ನ ಬಿಡ್ತಾಳಾ?"

"ನಮ್ಮಜ್ಜಿ ಗುಡ್ಡ ಹತ್ತಿದ್ದನ್ನ ನಿನಗೇ ಹೇಳ್ಕೊಂಡು ಅತ್ತೆನಲ್ಲೋ. ಆಗ್ಲೂ ಬಾಯಿ ಬಿಡ್ಲಿಲ್ವಲ್ಲ."

ಅವನು ಮತ್ತೆ ಪರದೆಯ ಕಡೆ ತಿರುಗಿದ.

ಚಹಾದ ಹೊತ್ತಾಯಿತು. ಹೆದರ್ ಬಂದು ಕುಳಿತಳು. "ಎಲ್ಲಮ್ಮಾ ನೈರಿ, ಹಂಚು ನೋಡೋಣ."

ನೈರಿ ಎದ್ದು ತಟ್ಟೆಯ ಮೇಲಿನ ಬಟ್ಟೆ ತೆಗೆದಳು. ತಟ್ಟೆಯನ್ನು ತಂದು ಫರ್ಗಸ್‌ನ ಮುಂದೆ ಇಟ್ಟಳು.

"ಕೇಕು ಮಾಡಿದ್ದು ನಾನು," ಎಂದಳು. "ಹಂಚೋದು ನಿಂದು."

ಹೆದರ್ ಅವಳನ್ನು ನೋಡಿದಳು, ಆಮೇಲೆ ಅವನನ್ನು. ಫರ್ಗಸ್ ಕಪ್ಪನ್ನು ಬದಿಗಿಟ್ಟ. ಎದ್ದು ತಟ್ಟೆ ಹಿಡಿದ. ಮೊದಲ ತುಂಡನ್ನು ಹೆದರ್‌ಗೆ ಕೊಟ್ಟ.

"ಕಾವಲು ನಿನ್ನ ಹತ್ರಾನೇ ಇರ್ಲಿ," ಎಂದಳು ಹೆದರ್ ನೈರಿಗೆ, ಮೆಲ್ಲಗೆ.

ನೈರಿ ತನ್ನ ಮೇಜಿಗೆ ಮರಳಿ, ಆ ಇನ್ನೊಂದು ದಾರಿಗೂ ಕಾವಲು ಬರೆಯಲು ಕುಳಿತಳು. ಮೊದಲ ಸಾಲು ಬರೆಯುವ ಮುಂಚೆ ಪರದೆಯನ್ನು ಪಕ್ಕದ ಕುರ್ಚಿಗೆ ಕಾಣದಂತೆ ತಿರುಗಿಸಿಕೊಂಡಳು.