ಹಿಂದಿನ ಸೀಟು ಕೇಳಿಸಿಕೊಂಡ ದಾರಿ

ನಾನು ಇಬ್ಬರಿಗಾಗಿ ಹುಟ್ಟಿದ ಸೈಕಲ್ಲು. ಎರಡು ಸೀಟು, ಎರಡು ಹ್ಯಾಂಡಲ್ಲು, ನಾಲ್ಕು ಪೆಡಲು. ಚಕ್ರ ಮಾತ್ರ ಎರಡೇ. ಫ್ರಾನ್ಸಿನ ಸೇಂತ್ ಎತಿಯೆನ್ ಎಂಬ ಊರಿನಲ್ಲಿ, ಕಲ್ಲಿದ್ದಲ ಹೊಗೆ ಕವಿದ ಓಣಿಯೊಂದರ ಕಾರ್ಖಾನೆಯಲ್ಲಿ ನನ್ನನ್ನು ಬೆಸೆದರು. ಬೆಸೆದವನ ಹೆಸರು ನನಗೆ ಗೊತ್ತಿಲ್ಲ, ಅವನ ಕೆಮ್ಮು ನೆನಪಿದೆ. ಕೊಳವೆಗೆ ಕೊಳವೆ ಕೂಡಿಸಿ, ತಣ್ಣಗಾದ ಮೇಲೆ ಬೆರಳಿನಿಂದ ತಟ್ಟಿ, ಕಿವಿಗೊಟ್ಟು ಕೇಳಿದ. "ಉದ್ದವಾಯಿತು. ತಿರುವಿನಲ್ಲಿ ಹಟ ಮಾಡುತ್ತದೆ," ಎಂದು ಪಕ್ಕದವನಿಗೆ ಹೇಳಿದ. ಅವನ ಮಾತು ಸುಳ್ಳಾಗಲಿಲ್ಲ.

ಸಾವಿರದ ಒಂಬೈನೂರ ಅರವತ್ತೊಂದರ ವಸಂತದಲ್ಲಿ ಅರ್ಮಾಂ ನನ್ನನ್ನು ಕೊಂಡು ರೈಲಿನಲ್ಲಿ ಊರಿಗೆ ತಂದ. ಕ್ರೂಜ್ ಸೀಮೆಯ ಗುಡ್ಡಗಳ ನಡುವಿನ ಸಣ್ಣ ಹಳ್ಳಿ ಅದು. ಅವನು ಅಲ್ಲಿ ರಸ್ತೆ ನೋಡಿಕೊಳ್ಳುವ ಕೆಲಸದವನು. ಅಂಚಿನ ಹುಲ್ಲು ಕೊಯ್ಯುವುದು, ಚರಂಡಿಯ ಎಲೆ ಬಳಿಯುವುದು, ಗುಂಡಿಗೆ ಜಲ್ಲಿ ತುಂಬುವುದು. ಮದುವೆಯಾಗಿ ಒಂದು ತಿಂಗಳಾಗಿತ್ತು. ಹೆಂಡತಿ ಸೊಲಾಂಜ್ ಹತ್ತಿರದ ಓಬುಸ್ಸೋಂ ಪಟ್ಟಣದಲ್ಲಿ, ಗೋಡೆಗೆ ತೂಗುಹಾಕುವ ಚಿತ್ರದ ಕಂಬಳಿಗಳನ್ನು ನೇಯುವ ಮಗ್ಗದ ಮನೆಯಲ್ಲಿ, ಉಣ್ಣೆಗೆ ಬಣ್ಣ ಕಟ್ಟುತ್ತಿದ್ದಳು. ಅವಳ ಉಗುರಿನ ಸಂದಿ ನೋಡಿದರೆ ಆ ವಾರ ಯಾವ ಬಣ್ಣ ಕುದಿಯಿತೆಂದು ತಿಳಿಯುತ್ತಿತ್ತು.

ಭಾನುವಾರ ನಮ್ಮ ದಿನ. ನಕಾಶೆಯಲ್ಲಿ ಹೆದ್ದಾರಿಗೆ ಕೆಂಪು ಗೆರೆ, ನಡುವಿನ ರಸ್ತೆಗೆ ಹಳದಿ, ಹಳ್ಳಿಯಿಂದ ಹಳ್ಳಿಗೆ ಹೋಗುವ ಪುಟ್ಟ ದಾರಿಗೆ ಬಿಳಿ. ಅರ್ಮಾಂ ಬಿಳಿಯದನ್ನು ಬಿಟ್ಟು ಬೇರೆಯದನ್ನು ಹಿಡಿದವನಲ್ಲ. ಆ ದಾರಿಗಳ ನಟ್ಟನಡುವೆ ಹುಲ್ಲು ಬೆಳೆದಿರುತ್ತಿತ್ತು. ಎರಡೂ ಬದಿಗೆ ಪಾಚಿ ಹಿಡಿದ ಕಲ್ಲುಗೋಡೆ, ಅದರಾಚೆ ಕೆಂಪು ಹಸುಗಳು. ಇಡೀ ಬೆಳಿಗ್ಗೆಗೆ ಒಂದು ಟ್ರ್ಯಾಕ್ಟರು, ಒಂದು ನಾಯಿ ಎದುರಾದರೆ ಹೆಚ್ಚು. ಇಳಿಜಾರಿನಲ್ಲಿ ಸೊಲಾಂಜ್ ಹಿಂದಿನಿಂದ ಕಿರುಚುತ್ತಿದ್ದಳು, ಅರ್ಮಾಂ ಇನ್ನೂ ಜೋರಾಗಿ ಬಿಡುತ್ತಿದ್ದ.

ಹದಿನಾಲ್ಕು ವರ್ಷ ಹೀಗೆ ನಡೆಯಿತು. ಆಮೇಲೆ ಒಂದು ದಿನ ಮಗ್ಗದ ಮನೆಯವರು ಅವಳು ಬಣ್ಣ ಕಟ್ಟಿದ ನೀಲಿ ಉಣ್ಣೆಯ ಲಡಿಯನ್ನು ವಾಪಸು ಕಳಿಸಿದರು. ಅದು ಹಸಿರಾಗಿತ್ತು. ಕಣ್ಣಿನೊಳಗಿನ ನರ ಒಣಗುತ್ತಿದೆ, ಇದಕ್ಕೆ ಮದ್ದಿಲ್ಲ ಎಂದರು ವೈದ್ಯರು. ಆರು ವರ್ಷಗಳಲ್ಲಿ ಅವಳಿಗೆ ಬೆಳಕು ಪೂರ್ತಿ ಆರಿತು.

ಅರ್ಮಾಂ ಆ ವಾರವೇ ನನ್ನ ಹಿಂದಿನ ಹ್ಯಾಂಡಲಿಗೂ ಒಂದು ಬ್ರೇಕು ಕೂರಿಸಿದ. "ನನ್ನ ಮೇಲೆ ಸಿಟ್ಟು ಬಂದಾಗ ಹಿಡಿ," ಎಂದ.

"ಹಾಗಾದರೆ ನಾವು ಮನೆ ಬಿಟ್ಟು ಹೊರಡುವುದೇ ಇಲ್ಲ," ಎಂದಳು.

ಮೊದಮೊದಲು ಅವನು ದಾರಿಯುದ್ದಕ್ಕೂ ವಿವರಿಸುತ್ತಿದ್ದ. ಅವಳಿಗೆ ಬೇಸರವಾಯಿತು. "ಸುಮ್ಮನಿರು. ನಾನೇ ಹೇಳುತ್ತೇನೆ." ಆಮೇಲೆ ಅವಳೇ ಹೇಳತೊಡಗಿದಳು: ಈಗ ಸೇತುವೆ ಬಂತು, ಸದ್ದು ಟೊಳ್ಳಾಯಿತು. ಈಗ ಚೆಸ್ಟ್‌ನಟ್ ತೋಪು, ಕೆನ್ನೆಗೆ ತಂಪು. ಈಗ ಹುಲ್ಲು ಕೊಯ್ದಿದ್ದಾರೆ, ನಿನ್ನೆಯಲ್ಲ, ಇವತ್ತೇ. ಕೆಂಪು ರಸ್ತೆಯಲ್ಲಿ ಇದೆಲ್ಲ ಆಗುತ್ತಿರಲಿಲ್ಲ. ಅಲ್ಲಿ ಲಾರಿಯೊಂದು ಹಾದುಹೋದರೆ ಅವಳ ಲೋಕ ಪೂರ್ತಿ ಅಳಿಸಿಹೋಗುತ್ತಿತ್ತು. ಬಿಳಿ ದಾರಿ ಅವಳಿಗೆ ಕಣ್ಣಾಯಿತು.

ಎಂಬತ್ತಾರರ ಸೆಪ್ಟೆಂಬರಿನಲ್ಲಿ ಒಂದು ಕವಲಿನಲ್ಲಿ ಅರ್ಮಾಂ ಕಾಲೂರಿ ನಿಂತ. ಅಂದು ಅವನ ಉಸಿರು ಸರಿಯಿರಲಿಲ್ಲ. "ಹಳದಿ ದಾರಿ ಹಿಡಿದರೆ ಊಟಕ್ಕೆ ಮನೆ. ಬಿಳಿಯದು ಸುತ್ತು. ಯಾವುದು?"

"ಅದೂ ಒಂದು ಪ್ರಶ್ನೆಯೇ? ಬಿಳಿಯದು."

ಏರಿನ ತುದಿಯಲ್ಲಿ ಮುಂದಿನ ಪೆಡಲಿನ ಮೇಲೆ ಕಾಲಿತ್ತು, ಒತ್ತು ಇರಲಿಲ್ಲ. ಅದು ನನಗೆ ಮೊದಲು ತಿಳಿಯಿತು, ಮರುಕ್ಷಣ ಅವಳಿಗೆ. ಅವಳು ಬ್ರೇಕು ಹಿಡಿದಳು. ಮೂವರೂ ಜರೀಗಿಡಗಳ ಮೇಲೆ ಉರುಳಿದೆವು. ಅವಳು ತಡಕಾಡಿ ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂಗಿದಳು. ಕೂಗಿ, ನಿಲ್ಲಿಸಿ, ಕಿವಿಗೊಟ್ಟಳು. ಯಾರೂ ಬರಲಿಲ್ಲ. ಆ ದಾರಿಗೆ ಯಾರೂ ಬರುವುದಿಲ್ಲವೆಂದೇ ಅಲ್ಲವೇ ಅವರು ಅದನ್ನು ಪ್ರೀತಿಸಿದ್ದು? ಒಂದು ಗಂಟೆಯ ಮೇಲೆ ಹಾಲಿನ ವ್ಯಾನು ಬಂತು. ಅಷ್ಟರಲ್ಲಿ ಎಲ್ಲ ಮುಗಿದಿತ್ತು. "ಬೇಗ ಯಾರಾದರೂ ಸಿಕ್ಕಿದ್ದರೆ..." ಎಂದು ವೈದ್ಯರೊಬ್ಬರು ಅರ್ಧ ಮಾತು ಆಡಿದರಂತೆ. ಆ ಅರ್ಧ ಮಾತು ಸೊಲಾಂಜಳ ಎದೆಯಲ್ಲಿ ಕೂತುಬಿಟ್ಟಿತು.

ನನ್ನನ್ನು ಕೊಟ್ಟಿಗೆಯಲ್ಲಿ ಸೌದೆಯ ಹಿಂದೆ ನಿಲ್ಲಿಸಿದರು. ಹನ್ನೊಂದು ವರ್ಷ. ಟಯರು ಬಿರಿಯಿತು, ಹಿಂದಿನ ಸೀಟಿನಲ್ಲಿ ಇಲಿ ಮರಿ ಹಾಕಿತು.

ಆಮೇಲೆ ಸೊಲಾಂಜಳ ಮಹಡಿಯ ಕೋಣೆಗೆ ಅನಸೂಯಾ ಬಾಡಿಗೆಗೆ ಬಂದಳು. ಗುಳೇದಗುಡ್ಡದ ನೇಕಾರರ ಮಗಳು. ಓಬುಸ್ಸೋಂನ ಮಗ್ಗ ಕಲಿಯಲು ಎರಡು ವರ್ಷಕ್ಕೆಂದು ಬಂದು ಅಲ್ಲೇ ಕೆಲಸಕ್ಕೆ ನಿಂತವಳು. ಸೌದೆ ತೆಗೆಯಲು ಬಂದಾಗ ನನ್ನನ್ನು ಕಂಡು, "ಯವ್ವಾ! ಇದೇನ್ ಸೈಕಲ್ಲೋ ಬಂಡಿಯೋ?" ಎಂದು ತನ್ನ ಭಾಷೆಯಲ್ಲೇ ಕೂಗಿದಳು. ಆ ಭಾಷೆ ನನಗೆ ಅಂದು ತಿಳಿಯಲಿಲ್ಲ. ವರ್ಷಗಟ್ಟಲೆ ಕೇಳಿ ಕೇಳಿ ಆಮೇಲೆ ಬಂತು.

ಬಾಗಿಲಲ್ಲಿ ನಿಂತಿದ್ದ ಸೊಲಾಂಜ್, "ನಿನಗೆ ಸೈಕಲ್ ಬರುತ್ತದೆಯೇ?" ಎಂದು ಕೇಳಿದಳು.

"ಅಪ್ಪನ ಸೈಕಲ್ ಮ್ಯಾಲೆ ನೂಲಿನ ಗಂಟು ಕಟ್ಕೊಂಡು ಊರೆಲ್ಲಾ ತಿರಿಗೇನ್ರಿ. ಆದ್ರ ಆ ಗಂಟು ಮಾತಾಡ್ತಿದ್ದಿಲ್ಲ," ಎಂದಳು ಅನಸೂಯಾ, ಫ್ರೆಂಚನ್ನೂ ತನ್ನೂರ ಧಾಟಿಯಲ್ಲೇ ಆಡುತ್ತ.

"ನಾನೂ ಮಾತಾಡುವುದಿಲ್ಲ."

ಅದು ಸುಳ್ಳು. ಹತ್ತು ನಿಮಿಷದಲ್ಲಿ "ಎಡಕ್ಕೆ ವಾಲಬೇಡ, ಗೇರು ಬದಲಿಸು, ಯಾಕೆ ಹೆದರುತ್ತೀ" ಎಂದು ಶುರುವಾಯಿತು. ಎರಡು ಸಲ ಚರಂಡಿಗೆ ಬಿದ್ದೆವು. ಮೂರನೆಯ ಭಾನುವಾರ ಮೊದಲ ಹಳ್ಳಿ ದಾಟಿದೆವು. ಸೊಲಾಂಜ್ ಹನ್ನೊಂದು ವರ್ಷದ ಮೇಲೆ ಸೇತುವೆಯ ಸದ್ದು ಕೇಳಿ, "ಸೇತುವೆ ಬಂತು," ಎಂದಳು. ಆ ಚಳಿಗಾಲದಲ್ಲಿ ಅರ್ಮಾಂ ಸತ್ತ ಬಗೆಯನ್ನು ಅನಸೂಯಾಳಿಗೆ ಹೇಳಿದಳು.

ಮರುವರ್ಷದ ಬೇಸಿಗೆಯಲ್ಲಿ ಅದೇ ಕವಲು ಬಂತು. "ಬಿಳಿಯದು ಹಿಡಿ," ಎಂದಳು ಸೊಲಾಂಜ್. ಅವಳ ಬೆರಳುಗಳು ಬ್ರೇಕಿನ ಮೇಲಿದ್ದವು, ಬಿಗಿಯಾಗಿ. ಏರಿನ ತುದಿಯಲ್ಲಿ ಇಳಿದಳು. "ಇಲ್ಲೇ. ಕಣ್ಣಿದ್ದಾಗ ಈ ದಾರಿಗೆ ಬಂದಿರಲಿಲ್ಲ, ನಾನು ಈ ಜಾಗವನ್ನು ನೋಡಿಯೇ ಇಲ್ಲ. ಏನೇನಿದೆ ಹೇಳು."

ಅನಸೂಯಾ ಸುತ್ತ ನೋಡಿದಳು. ಗೋಡೆಯಾಚೆ, ಕಲ್ಲೆಸೆದರೆ ತಲುಪುವಷ್ಟು ದೂರದಲ್ಲಿ, ನೀಲಿ ಕಿಟಕಿಗಳ ಮನೆಯೊಂದಿತ್ತು.

"ಏನಿಲ್ರಿ," ಎಂದಳು. "ಜರೀಗಿಡ, ಮೂರು ದೊಡ್ಡ ಮರ. ಅಷ್ಟ."

ಆಗ ಹುಂಜ ಕೂಗಿತು.

ಸೊಲಾಂಜ್ ಆ ಕಡೆ ಮುಖ ತಿರುಗಿಸಿದಳು. "ಕಾಡಿನಲ್ಲಿ ಯಾರು ಹುಂಜ ಸಾಕುತ್ತಾರೆ, ಅನಸೂಯಾ?"

"ಮನಿ ಐತ್ರಿ," ಎಂದಳು ಅನಸೂಯಾ. "ಹೇಳಾಕ ಬಾಯಿ ಬರಲಿಲ್ಲ."

"ಅಷ್ಟು ಹತ್ತಿರವೇ?"

"ಹೂಂ."

ಸೊಲಾಂಜ್ ನನ್ನ ಸೀಟು ಹಿಡಿದುಕೊಂಡಳು. "ನಾನು ಕೂಗಿದೆ. ಆಮೇಲೆ ಎದ್ದು ಗೋಡೆ ಹಿಡಿದು ನಡೆಯಬೇಕಿತ್ತು. ಕೂತೇಬಿಟ್ಟೆ," ಎಂದಳು. ಅವಳ ಭಾರವೆಲ್ಲ ನನ್ನ ಮೇಲೆ ಬಂತು. ಒಂದು ಜೀವ ಅಷ್ಟು ಭಾರವಾಗುವುದನ್ನು ನಾನು ಕಂಡಿರಲಿಲ್ಲ.

ಅನಸೂಯಾ ಗೋಡೆ ಹಾರಿ ಓಡಿದಳು. ಹಿಂತಿರುಗುವಾಗ ಜೊತೆಗೆ ಒಬ್ಬ ಹೆಂಗಸು, ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತ. "ನನಗ ಹೇಳಿದ್ದನ್ನ ಇವರಿಗೂ ಹೇಳ್ರಿ," ಎಂದಳು ಅನಸೂಯಾ, ಏದುಸಿರು ಬಿಡುತ್ತ.

"ಈ ಮನೆಯ ವಿಷಯವೇ?" ಎಂದಳು ಹೆಂಗಸು. "ನಾವು ಬಂದು ಐದು ವರ್ಷವಾಯಿತು. ಅದಕ್ಕೂ ಮೊದಲು ಮೂವತ್ತು ವರ್ಷ ಇಲ್ಲಿ ಯಾರೂ ಇರಲಿಲ್ಲ. ಛಾವಣಿ ಕುಸಿದು, ಅಡುಗೆಮನೆಯ ನಡುವೆ ಮರ ಬೆಳೆದಿತ್ತು. ನಾನೇ ಕಡಿದೆ."

"ಯಾವ ಮರ?" ಎಂದು ಸೊಲಾಂಜ್ ಕೇಳಿದಳು.

"ಬರ್ಚ್, ಬಿಳಿ ತೊಗಟೆಯದು. ತಬ್ಬಿದರೆ ತೋಳು ತುಂಬುತ್ತಿತ್ತು."

ಸೊಲಾಂಜ್ ಎರಡೂ ಕೈ ಮುಂದೆ ಚಾಚಿ, ಆ ಮರದ ಸುತ್ತಳತೆಯನ್ನು ಗಾಳಿಯಲ್ಲಿ ಹಿಡಿದು ನೋಡಿದಳು. ಅಷ್ಟು ದಪ್ಪವಾಗಲು ಎಷ್ಟು ವರ್ಷ ಬೇಕೆಂದು ರಸ್ತೆ ಕೆಲಸದವನ ಹೆಂಡತಿಗೆ ಗೊತ್ತಿತ್ತು. ಅವಳು ಕೂಗಿದ ದಿನ ಆ ಅಡುಗೆಮನೆಯಲ್ಲಿ ಕೇಳಿಸಿಕೊಳ್ಳಲು ಆ ಮರವೊಂದೇ ಇತ್ತು. ಹಾಗೇ ಕೈ ಚಾಚಿಕೊಂಡೇ ಅತ್ತಳು. ಹೆಂಗಸು ಒಳಗೆ ಹೋಗಿ ಬ್ರೆಡ್ಡು, ಪ್ಲಮ್ ಹಣ್ಣಿನ ಜಾಮು ತಂದಳು. ಮೂವರೂ ಗೋಡೆಯ ಮೇಲೆ ಕೂತು ತಿಂದರು. ವಾಪಸು ಬರುವಾಗ ಇಳಿಜಾರಿನಲ್ಲಿ ಸೊಲಾಂಜ್ ಬ್ರೇಕು ಮುಟ್ಟಲಿಲ್ಲ. ಅನಸೂಯಾ "ಸಾವಕಾಶ್ರೀ!" ಎಂದು ಕಿರುಚಿಕೊಂಡಳು.

ಆಮೇಲೆ ಹನ್ನೆರಡು ವರ್ಷ ತಿರುಗಿದೆವು. ಒಂದು ವಸಂತದಲ್ಲಿ ನನ್ನನ್ನು ಒರೆಸುತ್ತಿದ್ದ ಅನಸೂಯಾಳ ಬೆರಳಿಗೆ ಕೆಳಗಿನ ಕೊಳವೆಯ ಬಿರುಕು ಸಿಕ್ಕಿತು. ರಿಪೇರಿಯವನು ತಟ್ಟಿ ನೋಡಿದ. "ಬೆಸೆಯಬಹುದು. ಆದರೆ ಇಬ್ಬರನ್ನು ಇದರ ಮೇಲೆ ಕೂರಿಸಿ ಇಳಿಜಾರಿಗೆ ಬಿಡಲು ನನಗೆ ಧೈರ್ಯವಿಲ್ಲ," ಎಂದ. ಸೊಲಾಂಜ್ ನನ್ನ ಹಿಂದಿನ ಸೀಟನ್ನು ತುಸು ಹೊತ್ತು ಸವರಿದಳು. "ಸರಿ. ನಮ್ಮ ಕಾಲು ಇನ್ನೂ ಬಿರಿದಿಲ್ಲವಲ್ಲ," ಎಂದಳು.

ಈಗ ನಾನು ಕೊಟ್ಟಿಗೆಯ ಕಿಟಕಿಯ ಪಕ್ಕ ಒರಗಿದ್ದೇನೆ. ಭಾನುವಾರ ಅವರು ನಡೆದೇ ಹೋಗುತ್ತಾರೆ, ಸೊಲಾಂಜಳ ಕೈ ಅನಸೂಯಾಳ ಮೊಣಕೈಯಲ್ಲಿ. "ಹೋಗಿ ಬರತೀವಿ," ಎಂದು ಅನಸೂಯಾ ನನಗೂ ಹೇಳುತ್ತಾಳೆ. ಮೊದಮೊದಲು ಹೊಟ್ಟೆಕಿಚ್ಚಾಗಲಿಲ್ಲವೆಂದರೆ ಸುಳ್ಳಾಗುತ್ತದೆ. ನಾನಿಲ್ಲದೆ ಇವರು ಎಷ್ಟು ದೂರ ಹೋದಾರು ಎಂದುಕೊಂಡಿದ್ದೆ. ದೂರವೇನೂ ಹೋಗುವುದಿಲ್ಲ. ಆದರೆ ಬರುವಾಗ ಸೊಲಾಂಜಳ ಕೋಟಿನ ತುಂಬ ಹುಲ್ಲಿನ ಬೀಜ ಅಂಟಿರುತ್ತದೆ, ಬೆರಳು ಬೆರಿ ಹಣ್ಣಿನಿಂದ ನೇರಳೆಯಾಗಿರುತ್ತದೆ. ಮೆಟ್ಟಿಲ ಮೇಲೆ ಕೂತು ಅನಸೂಯಾ ಆ ಬೀಜಗಳನ್ನು ಒಂದೊಂದಾಗಿ ಬಿಡಿಸುತ್ತಾಳೆ. ನಾನು ಅವರನ್ನು ಎಷ್ಟೋ ಸಾವಿರ ಮೈಲಿ ಒಯ್ದಿದ್ದೇನೆ. ಹುಲ್ಲಿಗೆ ಅಷ್ಟು ಹತ್ತಿರ ಎಂದೂ ಒಯ್ದಿರಲಿಲ್ಲ.