ತಿಪ್ಪೆಯ ಅಣಬೆ ತಿನ್ನದ ಕವರು

ಗೌರಿ ಬೆಳಗಿನಿಂದ ಮೆಲುಕು ಹಾಕಿರಲಿಲ್ಲ. ಗರುಡಾಚಾರ್‌ಪಾಳ್ಯದ ಆಂಜನಮ್ಮನಿಗೆ ಕೂತರೆ ಕೂರಲಾಗದು, ನಿಂತರೆ ನಿಲ್ಲಲಾಗದು. ಒಲೆಯ ಮೇಲಿನ ಎಸರು ಮರೆತು ಕೊಟ್ಟಿಗೆಗೆ ಓಡುವಳು, ಹಸುವಿನ ಎಡಪಕ್ಕೆ ಮುಟ್ಟಿ ನೋಡುವಳು, ಮತ್ತೆ ಬಾಗಿಲಿಗೆ ಬರುವಳು. ಪಕ್ಕೆ ತಮಟೆಯ ಹಾಗೆ ಬಿಗಿದಿತ್ತು. ಹೊಲವೆಲ್ಲ ಕಾರ್ಖಾನೆಗಳ ಪಾಲಾದ ಮೇಲೆ ಆ ಮನೆಯಲ್ಲಿ ಉಳಿದಿದ್ದು ಅದೊಂದೇ ಹಸು. ಅದೂ ಗಬ್ಬದ ಹಸು.

"ಗ್ಯಾಸ್ ಕಣೇ. ಎಣ್ಣೆ ಕುಡ್ಸಿದ್ದೀನಲ್ಲ, ಇಳಿಯುತ್ತೆ," ಎಂದ ಗಂಡ ಮುನಿಆಂಜನಪ್ಪ.

"ಎಷ್ಟು ಸಲ ಕುಡಿಸ್ತೀಯ? ನಂಗೆ ಭಯ ಆಗ್ತೈತೆ. ಹೋಗಿ ಡಾಕ್ಟರ್ನ ಕರ್ಕೊಂಡ್ ಬಾ."

ಮುನಿಆಂಜನಪ್ಪ ಒಳ್ಳೆಯವನೇ, ಆದರೆ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಒಂದು ದಿನ ರೇಡಿಯೋದಲ್ಲಿ, ಕೆಲವು ಜಾತಿಯ ಅಣಬೆ ಪ್ಲಾಸ್ಟಿಕ್ಕನ್ನೂ ತಿನ್ನುತ್ತದೆ ಎಂದು ಕೇಳಿದ್ದ. ಶಿವಾಜಿನಗರದ ಫಹ್ಮಿದಾ ಮನೆಯಲ್ಲೇ ಅಣಬೆ ಬೆಳೆಯುತ್ತಿದ್ದಳು. ಹಸುವಿಗೆಂದು ಇವರು ಕೊಂಡು ತರುತ್ತಿದ್ದ ಒಣಹುಲ್ಲಿನಲ್ಲಿ ಒಂದಿಷ್ಟು ಒಯ್ದು, ಅಣಬೆ ಕೊಯ್ದ ಮೇಲೆ ಉಳಿದ ಹುಲ್ಲನ್ನು ಗೊಬ್ಬರಕ್ಕೆಂದು ತಂದುಕೊಡುತ್ತಿದ್ದಳು. ಅದು ಇವರ ತಿಪ್ಪೆ ಸೇರುತ್ತಿತ್ತು. ಅಷ್ಟು ಸಾಕಾಯಿತು. "ನಮ್ಮ ತಿಪ್ಪೇಲೇ ಅಣಬೆ ಐತೆ, ಹಾಕ್ರೋ, ತಿಂದ್ಕೊಳ್ಳುತ್ತೆ," ಎಂದು ಬೀದಿಯವರ ಕವರನ್ನೆಲ್ಲ ಕರೆದು ಕರೆದು ಹಾಕಿಸಿಕೊಂಡ. ಆಂಜನಮ್ಮನೂ ಮಿಕ್ಕ ಅನ್ನ, ಬಾಳೆಹಣ್ಣಿನ ಸಿಪ್ಪೆ ಕವರಿಗೆ ತುಂಬಿ, ಇರುವೆ ಬರಬಾರದೆಂದು ಗಂಟು ಬಿಗಿದು ಅಲ್ಲಿಗೇ ಎಸೆಯತೊಡಗಿದಳು. ಸಂಜೆ ಹಗ್ಗ ಬಿಚ್ಚಿದರೆ ಗೌರಿ ನೇರ ತಿಪ್ಪೆಗೇ ಹೋಗುತ್ತಿತ್ತು.

ಡಾಕ್ಟರು ಬಂದು ಪಕ್ಕೆ ಬಡಿದು ನೋಡಿದರು. "ಒಳಗೆ ಪ್ಲಾಸ್ಟಿಕ್ ಕಟ್ಕೊಂಡಿದೆ. ಹೊಟ್ಟೆ ಕೊಯ್ದು ತೆಗೀಬೇಕು."

"ಗಬ್ಬದ ಹಸು ಸಾರ್," ಎಂದ ಮುನಿಆಂಜನಪ್ಪ.

"ತೆಗೀದಿದ್ರೆ ಎರಡೂ ಉಳಿಯಲ್ಲಪ್ಪ."

ಹೊಟ್ಟೆಯಿಂದ ಹೊರಬಂದದ್ದು ಪ್ಲಾಸ್ಟಿಕ್ಕಿನ ದೊಡ್ಡ ಉಂಡೆ. ನೀರು ಸುರಿದಾಗ ಒಂದು ಗಂಟು ಕಾಣಿಸಿತು. ಎರಡು ಸುತ್ತು ಸುತ್ತಿ ತುದಿಯನ್ನು ಒಳಗೆ ಸಿಕ್ಕಿಸಿದ ಗಂಟು. ಹಾಗೆ ಕಟ್ಟುವುದು ಆ ಮನೆಯಲ್ಲಿ ಒಬ್ಬಳೇ. ಆಂಜನಮ್ಮ ಸೆರಗು ಬಾಯಿಗೊತ್ತಿಕೊಂಡು ಅತ್ತಳು.

ಹುಲ್ಲಿಗೆಂದು ಬಂದ ಫಹ್ಮಿದಾ ಕೊಟ್ಟಿಗೆಯನ್ನೂ ತಿಪ್ಪೆಯನ್ನೂ ನೋಡಿ ದಂಗಾದಳು. "ಯಾಕಣ್ಣ ಇಷ್ಟೊಂದು ಕವರ್ ಹಾಕಿದ್ದೀರಿ?"

"ಅಣಬೆ ತಿನ್ನುತ್ತೆ ಅಂದ್ರು. ರೇಡಿಯೋದೋರು ಸುಳ್ಳು ಹೇಳ್ತಾರೇನಮ್ಮ?"

"ಸುಳ್ಳಲ್ಲ. ಅಣಬೆ, ಬೂಷ್ಟು ಎಲ್ಲಾ ಒಂದು ರಸ ಬಿಡುತ್ತೆ, ಕಿಣ್ವ ಅಂತಾರೆ. ನನ್ನ ಅಣಬೆ ರಸ ಹುಲ್ಲನ್ನ ಮೆತ್ತಗೆ ಮಾಡುತ್ತೆ. ಕೆಲವು ಜಾತಿ ರಸ ಕೆಲವು ಪ್ಲಾಸ್ಟಿಕ್ಕನ್ನೂ ನಿಧಾನಕ್ಕೆ ಒಡೆಯುತ್ತೆ. ಆದ್ರೆ ಅದು ಇನ್ನೂ ಲ್ಯಾಬಲ್ಲಿ, ಪರೀಕ್ಷೇಲಿ ಐತೆ. ತಿಪ್ಪೇಲಿ ಆಗಲ್ಲ."

"ಅಣಬೆ ಅಂದ್ಮೇಲೆ ಎಲ್ಲಾ ಒಂದೇ ಅಲ್ವಾ?"

"ಅಣ್ಣ, ನಾನು ಅಣಬೆ ಬೆಳೆಯೋದೇ ಪ್ಲಾಸ್ಟಿಕ್ ಚೀಲದಲ್ಲಿ. ಹುಲ್ಲು ಕರಗುತ್ತೆ, ಚೀಲ ಹಂಗೇ ಇರುತ್ತೆ. ತಿನ್ನೋದಾಗಿದ್ರೆ ಮೊದ್ಲು ನನ್ನ ಚೀಲ ತೂತಾಗ್ಬೇಕಿತ್ತಲ್ಲ?"

ಮುನಿಆಂಜನಪ್ಪನ ಮೊಲಕ್ಕೆ ಆವತ್ತು ನಾಲ್ಕನೇ ಕಾಲು ಬಂತು. ಅವನು ತಿಪ್ಪೆಗಿಳಿದು ಕವರು ಹೆಕ್ಕತೊಡಗಿದ.

ಆಂಜನಮ್ಮ ಕೊಟ್ಟಿಗೆ ಬಿಟ್ಟು ಕದಲಲಿಲ್ಲ. ಮಾರನೆಯ ದಿನವೂ ಕೂತಳು, ಎದ್ದಳು, ಕೂತಳು. ಬಿಸಿಲು ಇಳಿಯುವ ಹೊತ್ತಿಗೆ ಗೌರಿಯ ದವಡೆ ಮೆಲ್ಲಗೆ ಆಡಿತು. ಮೆಲುಕು. ಹೊಟ್ಟೆಯೊಳಗೆ ಕರುವೂ ಮಿಸುಕಿದ್ದು ಅವಳ ಅಂಗೈಗೆ ತಿಳಿಯಿತು.

ಈಗ ಆ ಮನೆಯಲ್ಲಿ ಸಿಪ್ಪೆ, ಅನ್ನ ಕವರಿಲ್ಲದೆ ಹಾಗೇ ತಿಪ್ಪೆಗೆ ಹೋಗುತ್ತದೆ. ಕವರನ್ನು ತೊಳೆದು ಒಣಗಿಸಿ ಗುಜರಿಯವನ ಚೀಲಕ್ಕೆ ಹಾಕುತ್ತಾರೆ. ಅಂಗಡಿಗೆ ಹೋಗುವಾಗ ಆಂಜನಮ್ಮನ ಕೈಯಲ್ಲಿ ಬಟ್ಟೆಚೀಲ ಇರುತ್ತದೆ.

ಅಕ್ಕಂದಿರೇ, ಅಣ್ಣಂದಿರೇ, ವಿಜ್ಞಾನಿಗಳು ಅವರ ಕೆಲಸ ಮಾಡುತ್ತಿದ್ದಾರೆ, ಮಾಡಲಿ. ಅಲ್ಲಿಯವರೆಗೆ ನಮ್ಮ ಕೆಲಸ ನಮ್ಮದು. ಹಸಿ ಕಸ ಬೇರೆ, ಪ್ಲಾಸ್ಟಿಕ್ ಬೇರೆ ಇಡಿ. ಇವತ್ತು ಅನ್ನ ಎಸೆಯುವ ಮುಂಚೆ ಕವರಿನ ಗಂಟು ನೀವೇ ಬಿಚ್ಚಿ. ಹಸುವಿಗೆ ಬಿಚ್ಚಲು ಕೈಯಿಲ್ಲ.