ಗಾಣದಜ್ಜಿಯ ಕುರ್ಚಿ

ಬೇಸಿಗೆ ಕಳೆಯುತ್ತ ಬಂದಿತ್ತು. ಮೊದಲ ಮಳೆಗೆ ಮುಂಚೆ ನೇಗಿಲು, ಗುದ್ದಲಿ, ಗಾಡಿ ಎಲ್ಲ ಸರಿಯಾಗಬೇಕೆಂದು ಊರಿಗೆ ಊರೇ ಬಡಗಿಯ ಅಂಗಳಕ್ಕೆ ಬಂದು ಬೀಳುವ ಕಾಲ. ಬಡಗಿ ಬೆಳಗ್ಗಿನಿಂದ ಮರದ ನೆರಳಲ್ಲಿ ಕೂತು ಗುದ್ದಲಿಯ ಕಾವು ಕೆತ್ತುತ್ತಿದ್ದ. ಬಾಚಿಯ ಪ್ರತಿ ಏಟಿಗೂ ಒಂದೊಂದು ಚಕ್ಕೆ ಸುರುಳಿಯಾಗಿ ಪಾದದ ಹತ್ತಿರ ಬೀಳುತ್ತಿತ್ತು.

ಒಳಗಿನಿಂದ ಹೆಂಡತಿ ಕೂಗಿದಳು. "ರೀ, ಬಾಚಿ ಕೆಳಗಿಡಿ. ಮನೆ ನೋಡೋಕೆ ಅವರು ಮಧ್ಯಾಹ್ನಕ್ಕೆ ಬರ್ತಾರಂತೆ. ಕೂರಿ ಅನ್ನೋಕೆ ಒಂದು ಕುರ್ಚಿ ಬೇಡ್ವಾ ಮನೇಲಿ?"

"ಚಾಪೆ ಇದೆಯಲ್ಲ."

"ಬಡಗಿ ಮನೇಲಿ ಚಾಪೆ ಹಾಸಿದ್ರು ಅಂತ ಊರು ದಾಟಿ ಹೆಸರು ಹೋಗಲಿ."

ಬಡಗಿ ಬಾಚಿ ಕೆಳಗಿಟ್ಟ. ಆ ಮಾತು ಅವನಿಗೂ ಚುಚ್ಚಿತ್ತು.

ಹಿಂದಿನ ವರ್ಷ ಹೆಂಡತಿ ಸುಮ್ಮಸುಮ್ಮನೆ ಸೊರಗತೊಡಗಿದಾಗ, ಬಿಸಿಲಿನ ಆಯಾಸವೆಂದುಕೊಂಡಿದ್ದರು. ಪೇಟೆಯ ದೊಡ್ಡಾಸ್ಪತ್ರೆಯಲ್ಲಿ ರಕ್ತ ನೋಡಿದವರು ರಕ್ತದ ಕ್ಯಾನ್ಸರ್ ಎಂದರು. ಡಾಕ್ಟರು ಬಡಗಿಗೆ ತಿಳಿಯುವ ಹಾಗೆ ಹೇಳಿದ್ದರು. "ಇದನ್ನ ಓಡಿಸೋಕಾಗಲ್ಲ, ಆದ್ರೆ ಕಟ್ಟಿಹಾಕಬಹುದು. ದಿನಾ ಒಂದು ಮಾತ್ರೆ, ಬದುಕಿರೋವರೆಗೂ. ಮಾತ್ರೆ ಬಿಟ್ರೆ ಹಗ್ಗ ಬಿಚ್ಚಿಬಿಟ್ಟ ಹಾಗೆ." ಆ ಹಗ್ಗದ ಬೆಲೆಯನ್ನು ಬಡಗಿ ತನ್ನ ದುಡಿಮೆಯಲ್ಲಿ ಲೆಕ್ಕ ಹಾಕಿದ್ದ. ಒಂದು ತಿಂಗಳ ಮಾತ್ರೆಗೆ ಅವನ ಎರಡು ತಿಂಗಳ ದುಡಿಮೆ.

ಕೂಡಿಟ್ಟಿದ್ದ ಹಲಗೆಗಳು ಮೊದಲು ಹೋದವು. ಆಮೇಲೆ ಮದುವೆಯ ಹೊಸದರಲ್ಲಿ ತನ್ನ ಮನೆಗೆಂದೇ ಮಾಡಿದ್ದ ಬೀರು ದರ್ಜಿಯ ಮನೆ ಸೇರಿತು. ಮಂಚ ಮೇಷ್ಟರ ಮನೆಗೆ, ಬೆಂಚು ಚಹಾದಂಗಡಿಗೆ, ಕೈಯಿರುವ ಕುರ್ಚಿ ಎಣ್ಣೆ ಗಾಣದ ಮನೆಯ ಅಜ್ಜಿಗೆ. ಹೀಗೆ ಅವನ ಮನೆ ಬರಿದಾಗುತ್ತ ಬೀದಿಯ ಮನೆಗಳು ತುಂಬಿದವು. ಇನ್ನು ಮಾರಲು ಉಳಿದದ್ದು ಬಾಚಿ, ಉಳಿ, ಗರಗಸ. ಅವನ್ನು ಮಾರಿದರೆ ಕೈಯನ್ನೇ ಮಾರಿದ ಹಾಗೆ.

ಅಷ್ಟರಲ್ಲಿ ಆಸ್ಪತ್ರೆಯ ನರ್ಸೊಬ್ಬರು ದಾರಿ ತೋರಿಸಿದ್ದರು. ಕೊಳ್ಳಲಾಗದವರಿಗೆ ಮಾತ್ರೆ ಪುಕ್ಕಟೆ ಕೊಡಿಸುವ ಸಹಾಯನಿಧಿಯೊಂದಿತ್ತು. ಅರ್ಜಿ ಹೋಗಿತ್ತು. ಮನೆ ನೋಡಲು ಅಲ್ಲಿಂದ ಒಬ್ಬರು ಬರುವವರಿದ್ದರು. ಉಳಿದ ಮಾತ್ರೆ ಆ ವಾರಕ್ಕೂ ಸಾಲುತ್ತಿರಲಿಲ್ಲ.

ಯಾರೋ ದೊಡ್ಡವರು ಬರುತ್ತಾರೆಂದರೆ ಮನೆ ತುಂಬಿಸಿಡಬೇಕು, ಗಂಡ ಹೆಂಡಿರಿಗೆ ಗೊತ್ತಿದ್ದದ್ದು ಅಷ್ಟೇ. ಬರುವವರು ಏನನ್ನು ನೋಡಲು ಬರುತ್ತಿದ್ದಾರೆಂದು ಇಬ್ಬರಿಗೂ ಹೊಳೆಯಲಿಲ್ಲ. ಬಡಗಿ ಎದ್ದು, ಮೈಮೇಲಿನ ಹೊಟ್ಟು ಕೊಡವಿ, ಮಾರಿದ ಸಾಮಾನನ್ನು ಒಂದು ದಿನದ ಮಟ್ಟಿಗೆ ಕೇಳಿ ತರಲು ಹೊರಟ.

ದರ್ಜಿ ಬೀರು ಹೊರಲು ತಾನೇ ಹೆಗಲು ಕೊಟ್ಟ. "ಬಟ್ಟೆ ಖಾಲಿ ಮಾಡೋಕೆ ಪುರುಸೊತ್ತಿಲ್ಲ, ಹಾಗೇ ಇರಲಿ ಬಿಡು." ಮೇಷ್ಟರು ಮಂಚ ಕೊಟ್ಟರು, ಚಹಾದವನು ಬೆಂಚು ಕೊಟ್ಟ. ಗಾಣದಜ್ಜಿ ಮಾತ್ರ ಕುರ್ಚಿಯಿಂದ ಏಳುವುದಕ್ಕೇ ಒಂದು ಹೊತ್ತು ಮಾಡಿದಳು.

"ನನ್ನ ಸೊಂಟಾನ ನಿನ್ನ ಕೈಗೆ ಕೊಡ್ತಾ ಇದ್ದೀನಿ ಕಣೋ. ತಡ ಮಾಡಿದ್ಯೋ, ನಾನೇ ಬರ್ತೀನಿ."

"ನೀನು ಬರೋ ಅಷ್ಟರಲ್ಲಿ ನಾಳೆ ಆಗಿರುತ್ತೆ ಬಿಡಜ್ಜಿ."

"ನಗು, ನಗು. ನಿನಗೂ ವಯಸ್ಸಾಗುತ್ತೆ."

ಮಧ್ಯಾಹ್ನ ಸಹಾಯನಿಧಿಯಿಂದ ಬಂದ ಮೇಡಂ ನಡುವಯಸ್ಸಿನವರು. ಹೆಗಲಲ್ಲಿ ಚೀಲ, ಚಪ್ಪಲಿಯ ತುಂಬ ದಾರಿಯ ಧೂಳು. ಕುರ್ಚಿಯಲ್ಲಿ ಕೂತು, ನೀರು ಕುಡಿದು, ಸುತ್ತ ಕಣ್ಣಾಡಿಸಿದರು. ಎದ್ದು ಬೀರುವಿನ ಮೇಲೆ ಕೈಯಾಡಿಸಿದರು.

"ಒಳ್ಳೆ ಕೆಲಸ. ಯಾರು ಮಾಡಿದ್ದು?"

"ನಾನೇ."

"ಮಂಚ?"

"ಅದೂ ನಾನೇ ಮೇಡಂ. ಒಂದು ಮೊಳೆ ಹೊಡೆದಿಲ್ಲ, ಎಲ್ಲ ಮರಕ್ಕೆ ಮರ ಕಚ್ಚಿಸಿದ ಜೋಡಣೆ." ಬಡಗಿಯ ಎದೆ ಸ್ವಲ್ಪ ಉಬ್ಬಿತು.

ಮೇಡಂ ಬರೆದುಕೊಂಡರು. ಬೆಂಚನ್ನು ನೋಡಿದರು, ಮತ್ತೆ ಬರೆದರು. ಬಡಗಿ ಆ ಪೆನ್ನನ್ನೇ ನೋಡಿದ. ನಿಂತ ಮರವನ್ನು ಕೊಳ್ಳುವ ಮುಂಚೆ ತಾನೂ ಹೀಗೆಯೇ ಸುತ್ತು ಬರುತ್ತಿದ್ದ. ತಟ್ಟುತ್ತಿದ್ದ. ಎಷ್ಟು ಹಲಗೆ ಇಳಿದೀತೆಂದು ಮನಸ್ಸಿನಲ್ಲೇ ಕೊಯ್ಯುತ್ತಿದ್ದ. ಇವರು ಮನೆಯನ್ನು ಮೆಚ್ಚುತ್ತಿಲ್ಲ, ಅಳೆಯುತ್ತಿದ್ದಾರೆ.

ಮೇಡಂ ಮತ್ತೆ ಕುರ್ಚಿಯಲ್ಲಿ ಕೂತು ಮೆತ್ತಗೆ ಹೇಳಿದರು. "ತಪ್ಪು ತಿಳ್ಕೋಬೇಡಿ. ಮಲಗೋಕೆ ನೆಲ ಬಿಟ್ರೆ ಬೇರೇನೂ ಇಲ್ಲದವರು ಸಾಲುಗಟ್ಟಿ ನಿಂತಿದ್ದಾರೆ. ನಾನು ಕಂಡದ್ದನ್ನೇ ಬರೀಬೇಕು. ತೀರ್ಮಾನ ಮೇಲಿನವರದ್ದು."

ಹೆಂಡತಿ ಚಹಾದ ಲೋಟ ಹಿಡಿದು ಬಾಗಿಲಲ್ಲೇ ನಿಂತಳು. ಹಿಂದಿನ ರಾತ್ರಿ ಅವರಿಬ್ಬರೂ ಮಲಗಿದ್ದದ್ದು ನೆಲದ ಮೇಲೆಯೇ. ಆದರೂ ಅವಳು ಗಂಡನತ್ತ ನೋಡಿ, ಹೇಳಬೇಡಿ ಎನ್ನುವಂತೆ ಕಣ್ಸನ್ನೆ ಮಾಡಿದಳು. ಸಾಮಾನು ಕೇಳಿ ತಂದದ್ದೆಂದು ಹೇಳಿದರೆ ಮಾನ ಹೋಗುತ್ತದೆ, ಸುಳ್ಳುಗಾರರೆನಿಸಿಕೊಳ್ಳಬೇಕಾಗುತ್ತದೆ. ಹೇಳದಿದ್ದರೆ ಮಾತ್ರೆ ಹೋಗುತ್ತದೆ.

ಬಡಗಿಯ ಅಪ್ಪ ಕಲಿಸಿದ್ದ ಒಂದು ಕಟ್ಟಳೆಯಿತ್ತು. ಮರದಲ್ಲಿ ಬಿರುಕಿದ್ದರೆ ಕೊಳ್ಳುವವನ ಬೆರಳು ಹಿಡಿದು ಅದರ ಮೇಲೆ ಇಡಬೇಕು, ಬೆಲೆಯ ಮಾತು ಆಮೇಲೆ. ಮರದ ಹೊಟ್ಟಿಗೆ ಅಂಟು ಕಲಸಿ ಬಿರುಕು ಮುಚ್ಚಿ ಮಾರಿದವನು ಬಡಗಿಯಲ್ಲ. ಆ ಕಟ್ಟಳೆಯನ್ನು ಅವನು ಒಮ್ಮೆಯೂ ಮೀರಿರಲಿಲ್ಲ. ಇವತ್ತು ಮಾತ್ರ ಇಡೀ ಮನೆಯನ್ನೇ ಮುಚ್ಚಿಟ್ಟು ಕೂತಿದ್ದ.

"ಮೇಡಂ, ಬರೆಯೋದು ಸ್ವಲ್ಪ ನಿಲ್ಲಿಸಿ. ಇದ್ಯಾವುದೂ ನಮ್ಮದಲ್ಲ."

"ಈಗ ತಾನೇ ನೀವೇ ಮಾಡಿದ್ದು ಅಂದ್ರಲ್ಲ?"

"ಮಾಡಿದ್ದೂ ನಾನೇ, ಇವಳ ಮಾತ್ರೆಗೆ ಅಂತ ಮಾರಿದ್ದೂ ನಾನೇ. ನೀವು ಬರ್ತೀರಿ ಅಂತ ಇವತ್ತೊಂದು ದಿನಕ್ಕೆ ಕೇಳಿ ತಂದೆ."

ಮೇಡಂ ಅವನ ಮುಖವನ್ನೇ ನೋಡಿದರು. "ನಾನು ಹೋದಲ್ಲೆಲ್ಲ ಜನ ಸಾಮಾನು ಬಚ್ಚಿಡ್ತಾರೆ. ಟೀವಿಗೆ ಕಂಬಳಿ ಹೊದಿಸಿ, ಅತ್ತೆಗೆ ಜ್ವರ, ಮಲಗಿದ್ದಾರೆ ಅಂದವರನ್ನ ನೋಡಿದ್ದೀನಿ. ತಂದು ತುಂಬಿಸಿದವರನ್ನ ನೋಡಿಲ್ಲ. ಹೇಗೆ ನಂಬಲಿ ಹೇಳಿ?"

ಉತ್ತರ ಅಂಗಳದಿಂದ ಬಂತು, ಕೋಲು ಕುಟ್ಟಿಕೊಂಡು.

"ಲೋ ಬಡಗಿ! ಇನ್ನೂ ಮುಗೀಲಿಲ್ವೇನೋ ನಿನ್ನ ದರಬಾರು?" ಗಾಣದಜ್ಜಿ ಹೊಸ್ತಿಲು ದಾಟಿದವಳೇ ಮೇಡಂ ಎದುರು ನಿಂತಳು. "ಏಳಮ್ಮ ತಾಯಿ, ಅದು ನನ್ನ ಕುರ್ಚಿ. ನೆಲದಲ್ಲಿ ಕೂತು ಕೂತು ನನ್ನ ಸೊಂಟ ಹೋಯ್ತು."

ಮೇಡಂ ಗಡಬಡಿಸಿ ಎದ್ದರು. ಅಜ್ಜಿ ನಿರಾಳವಾಗಿ ಕೂತಳು.

ಹೆಂಡತಿ ಲೋಟ ಕೆಳಗಿಟ್ಟು ಬೀರುವಿನ ಹತ್ತಿರ ಹೋದಳು. ಅಷ್ಟು ಹೊತ್ತು ಮಾನ ಕಾಯುತ್ತಿದ್ದವಳು ತಾನೇ ಎರಡೂ ಬಾಗಿಲು ತೆರೆದಳು. ಒಳಗೆ ದರ್ಜಿಯ ಸೊಸೆಯ ಸೀರೆಗಳು. ಅವುಗಳ ಮೇಲೆ ಹಸುಗೂಸಿನ ಕುಲಾವಿ, ಪುಟ್ಟ ಪುಟ್ಟ ಅಂಗಿ.

"ನಮಗೆ ಮಕ್ಕಳಿಲ್ಲ ಮೇಡಂ," ಎಂದಳು.

ಮೇಡಂ ಪೆನ್ನು ತೆಗೆದು ಬರೆದದ್ದರ ಮೇಲೆ ಉದ್ದಕ್ಕೆ ಗೆರೆ ಎಳೆದು ಹೊಡೆದುಹಾಕಿದರು. "ಸರಿ, ಮನೆ ಇದ್ದ ಹಾಗೆ ತೋರಿಸಿ."

ಬೆಂಚು ಮೊದಲು ಹೊರಗೆ ಹೋಯಿತು. ಅದರ ಇನ್ನೊಂದು ತುದಿಯನ್ನು ಮೇಡಮ್ಮೇ ಹಿಡಿದರು. ದರ್ಜಿ, ಮೇಷ್ಟರು ಬಂದು ಬೀರು, ಮಂಚ ಹೊತ್ತರು. ಮನೆಯಲ್ಲಿ ಮಾತು ಪ್ರತಿಧ್ವನಿಸುವಷ್ಟು ಜಾಗವಾಯಿತು. ಮೇಡಂ ಚಾಪೆಯ ಮೇಲೆ ಗೋಡೆಗೊರಗಿ ಕೂತು, ತಣ್ಣಗಾದ ಚಹಾ ಕುಡಿಯುತ್ತ ಹೆಂಡತಿಯನ್ನು ಕೇಳಿದರು. "ಮಾತ್ರೆ ತಗೊಂಡ ಮೇಲೆ ಸಂಕಟ ಆಗುತ್ತಾ?" ಅತಿಥಿ ಸತ್ಕಾರದ ಭಾರ ಇಳಿದವಳು, ಗಂಡನಿಗೂ ಹೇಳದಿದ್ದ ನೋವುಗಳನ್ನೆಲ್ಲ ಹೇಳಿಕೊಂಡಳು. ಬಡಗಿ ಬಾಗಿಲಲ್ಲಿ ಕೂತು ಕೇಳಿಸಿಕೊಂಡ.

ಮಾತು ಮುಗಿದು, ಮೇಡಮ್ಮನ್ನು ಕಳಿಸಿಕೊಡಲು ಹೆಂಡತಿ ಗೋಡೆ ಹಿಡಿದು ಎದ್ದಳು. ಗಾಣದಜ್ಜಿ ಅದನ್ನು ನೋಡುತ್ತಲೇ ಇದ್ದಳು. ಅಜ್ಜಿ ಎದ್ದ ಮೇಲೆ ಬಡಗಿ ಕುರ್ಚಿ ಹೊರಲು ಬಗ್ಗಿದ, ಅವಳು ಕೋಲಿನಿಂದ ತಡೆದಳು.

"ಇಲ್ಲೇ ಇರಲಿ. ಇವಳ ಮಾತ್ರೆ ಮುಗಿದ ದಿನ ವಾಪಸ್ ಕೊಡು."

"ಅಜ್ಜಿ, ಅದು ಮುಗಿಯೋ ಮಾತ್ರೆ ಅಲ್ಲ. ಬದುಕಿರೋವರೆಗೂ..."

"ಕಿವಿ ಇದೆ ಕಣೋ ನನಗೆ."

ಇದ್ದ ಮಾತ್ರೆ ಮುಗಿಯುವ ಮೊದಲೇ ಆಸ್ಪತ್ರೆಯಿಂದ ಕರೆ ಬಂತು. ಪುಕ್ಕಟೆ ಮಾತ್ರೆ ಮಂಜೂರಾಗಿತ್ತು. ಅದನ್ನು ತಂದ ದಿನವೇ ಮೊದಲ ಮಳೆ ಬಿತ್ತು. ಬಡಗಿ ಗಾಡಿ ಕೆಲಸದಲ್ಲಿ ಉಳಿದ ಮರದಲ್ಲಿ ಅಜ್ಜಿಗೊಂದು ಎತ್ತರದ ಸ್ಟೂಲು ಮಾಡಿಕೊಟ್ಟ. ಅಜ್ಜಿ ಕೂತು ನೋಡಿ, "ಇದು ಸ್ಟೂಲು. ಕುರ್ಚಿ ಸಾಲ ಹಾಗೇ ಇದೆ," ಎಂದಳು.

ಯಾರ ಒಂದು ಕಡ್ಡಿಯನ್ನೂ ಇಟ್ಟುಕೊಳ್ಳದ ಬಡಗಿಗೆ ಆ ಸಾಲ ಮೊದಮೊದಲು ಮುಳ್ಳಾಗಿತ್ತು. ಈಗ ಅದು ತೀರದೆ ಇರಲಿ ಎನ್ನಿಸುತ್ತದೆ. ಅಜ್ಜಿ ದಿನವೂ ಬೀದಿಯಲ್ಲಿ ನಿಂತು ಕೂಗುತ್ತಾಳೆ.

"ಏನೇ, ನನ್ನ ಕುರ್ಚಿ ಇದೆಯೇನೇ?"

"ಇದೆ ಅಜ್ಜಿ, ಇನ್ನೂ ಕೊಟ್ಟಿಲ್ಲ," ಎಂದು ಒಳಗಿನಿಂದ ಹೆಂಡತಿಯ ದನಿ.

ಆ ದನಿ ಬರುವ ತನಕ ಬಡಗಿಯ ಬಾಚಿ ಮೇಲೆತ್ತಿದಲ್ಲೇ ನಿಂತಿರುತ್ತದೆ. ಬಂದ ಮೇಲೆ ಕೆಳಗಿಳಿಯುತ್ತದೆ.